ಮಾತಾಡ್ಲಿಕ್ಕಿಲ್ಲದ ಗಾಡಿ

ಕಾಗದದಲ್ಲಿ ಬರೆದಿದ್ದರೆ ಸೂರ್ಯ ಪಶ್ಚಿಮದಲ್ಲಿ ಹುಟ್ಟಿದರೂ ಜನಾರ್ದನ ರಾಯರಿಗೆ ಅಭ್ಯಂತರವಿರಲಿಲ್ಲ. ಸಹಕಾರಿ ಸಂಘದಲ್ಲಿ ಜೀವಮಾನವೆಲ್ಲ ಕಡತ ತಿರುವಿ ನಿವೃತ್ತರಾದ ಮನುಷ್ಯ. ಹೆಂಡತಿ ಮನೋರಮಾ ಅದಕ್ಕೆ ತದ್ವಿರುದ್ಧ. ಮಣಿಪಾಲದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಅವಳಿಗೆ ಬರೆದದ್ದಕ್ಕಿಂತ ಬರೆಯದೆ ಬಿಟ್ಟದ್ದರ ಮೇಲೆಯೇ ಕಣ್ಣು. ಇಂಥ ಗಂಡಹೆಂಡಿರು ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಲು ಹೊರಟರೆ ಏನಾಗಬೇಕೋ ಅದೇ ಆಯಿತು. ವ್ಯವಹಾರ ಮಾತನಾಡಿದವರು ರಾಯರು, ನಿದ್ದೆಗೆಟ್ಟವಳು ಮನೋರಮಾ.

ಕಾರು ಬೇಕಾದದ್ದು ಮಗಳು ಅನ್ವಿತಾಳಿಗೆ. ಇರುವುದು ಒಬ್ಬಳೇ ಮಗಳು. ಕಾರ್ಕಳದ ಕಾಲೇಜಿನಲ್ಲಿ ಉಪನ್ಯಾಸಕಿಯ ಕೆಲಸ ಸಿಕ್ಕಿತ್ತು. ಅಲೆವೂರಿನಿಂದ ಉಡುಪಿಗೆ ಒಂದು ಬಸ್ಸು, ಅಲ್ಲಿಂದ ಕಾರ್ಕಳಕ್ಕೆ ಇನ್ನೊಂದು. ಸಂಜೆ ಮನೆ ಮುಟ್ಟುವಾಗ ಹುಡುಗಿ ಹಿಂಡಿ ಒಗೆದ ಬಟ್ಟೆಯ ಹಾಗಾಗಿರುತ್ತಿದ್ದಳು. ಕಾರು ಬೇಕೆಂಬುದರಲ್ಲಿ ಮನೋರಮಾಳಿಗೂ ತಕರಾರಿರಲಿಲ್ಲ. ಅವಳ ಹೆದರಿಕೆ ಆ ದಾರಿಯದ್ದು. ಹಿರಿಯಡಕ ದಾಟಿದ ಮೇಲಿನ ತಿರುವುಗಳಲ್ಲಿ ಕಲ್ಲು ಹೊತ್ತ ಟಿಪ್ಪರುಗಳು ಬರುವ ಪರಿಯನ್ನು ಅವಳು ಬಸ್ಸಿನ ಕಿಟಕಿಯಿಂದ ನೋಡಿದ್ದಳು. ಮಗಳು ಆ ರಸ್ತೆಯಲ್ಲಿ ದಿನಾ ಓಡಾಡುವುದಾದರೆ ಅವಳ ಸುತ್ತ ಇರುವ ತಗಡು ನಂಬಿಕಸ್ಥವಾಗಿರಬೇಕು. ಅಷ್ಟೇ ಅವಳ ಬೇಡಿಕೆ.

ಕಾಪುವಿನ ದೇವದಾಸ ಎಂಬವರ ಕಾರು ಮಾರಾಟಕ್ಕಿದೆ ಎಂದು ಅನ್ವಿತಾಳೇ ಮೊಬೈಲಿನಲ್ಲಿ ಹುಡುಕಿ ತೆಗೆದಳು. ಗಾಡಿಯ ನಂಬರು ಹಾಕಿ ಅದರ ಜಾತಕವನ್ನೆಲ್ಲ ಬಿಡಿಸಿದಳು. ಒಬ್ಬರೇ ಮಾಲೀಕರು, ಸಾಲವಿಲ್ಲ, ಇನ್ಶೂರೆನ್ಸ್ ಕ್ಲೇಮು ಒಂದೂ ಇಲ್ಲ, ಸರ್ವಿಸ್ ಎಲ್ಲ ಹೊತ್ತುಹೊತ್ತಿಗೆ. ಕೊನೆಯ ಒಂದು ವರ್ಷ ಮಾತ್ರ ಸರ್ವಿಸ್ ಆಗಿರಲಿಲ್ಲ.

"ಒಂದು ವರ್ಷ ಯಾಕೆ ಖಾಲಿ?" ಎಂದು ಮನೋರಮಾ ಕೇಳಿದಳು.

"ಗಾಡಿ ಓಡಿಸಿಯೇ ಇಲ್ಲ ಅಮ್ಮ. ಓಡಿಸದಿದ್ದರೆ ಒಳ್ಳೆಯದೇ ಅಲ್ವಾ?"

"ಇಷ್ಟು ಕ್ಲೀನ್ ದಾಖಲೆ ನಮ್ಮ ಸಂಘದ್ದೂ ಇರಲಿಲ್ಲ ಮಾರಾಯ್ತಿ," ಎಂದರು ರಾಯರು. ಅವರ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಬರುವುದು ಸಾಧ್ಯವಿರಲಿಲ್ಲ.

ಕಾಪುವಿನ ಮನೆ ಸಮುದ್ರಕ್ಕೆ ಹೋಗುವ ದಾರಿಯಲ್ಲಿತ್ತು. ದೇವದಾಸರು ಬಹರೈನಿನಲ್ಲಿ ದುಡಿದು ಕಟ್ಟಿಸಿದ ಮನೆ, ದೊಡ್ಡದು. ಆದರೆ ಅಂಗಳದಲ್ಲಿ ಒಂದು ಚಪ್ಪಲಿಯೂ ಅತ್ತಿತ್ತ ಬಿದ್ದಿರಲಿಲ್ಲ. ಒಳಗೆ ಟಿವಿಯ ಸದ್ದಿಲ್ಲ, ಕುಕ್ಕರಿನ ಸದ್ದಿಲ್ಲ. ಕಾರನ್ನು ಬೂದು ಬಣ್ಣದ ಹೊದಿಕೆ ಹಾಕಿ ಶೆಡ್ಡಿನ ಮೂಲೆಗೆ ನಿಲ್ಲಿಸಿದ್ದರು. ದೇವದಾಸರು ಹೊದಿಕೆ ಎಳೆದಾಗ ಬೆಳ್ಳಗಿನ ಕಾರು ನಿನ್ನೆ ಶೋರೂಮಿನಿಂದ ಬಂದಂತೆ ಹೊಳೆಯಿತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ಮನೋರಮಾಳ ನಾಲಗೆಯ ತುದಿಗೆ ಬಂತು, ನುಂಗಿಕೊಂಡಳು.

"ತುಂಬ ಚೆನ್ನಾಗಿ ಇಟ್ಟುಕೊಂಡಿದ್ದೀರಿ," ಎಂದಳು ಅನ್ವಿತಾ.

"ಎಲ್ಲಿಯೂ ತಾಗಿದ್ದಿಲ್ಲ, ಎಂತ ಆದದ್ದೂ ಇಲ್ಲ," ಎಂದರು ದೇವದಾಸರು. ತಾಗಿದೆಯೇ ಎಂದು ಯಾರೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಮನೋರಮಾ ತರಗತಿಯಲ್ಲಿ ದಿನಾ ಕಾಣುತ್ತಿದ್ದಳು. ಆದರೆ ಈ ಮನುಷ್ಯನ ಮುಖ ಕಳ್ಳನದ್ದಲ್ಲ. ಬಹಳ ದಿನ ಜ್ವರದಲ್ಲಿ ಮಲಗಿ ಎದ್ದವರ ಮುಖ.

ಅವರ ಹೆಂಡತಿ ಸುಗಂಧಿ ಬೆಲ್ಲ ನೀರು ತಂದಿಟ್ಟರು. ತಂದವರು ಶೆಡ್ಡಿನ ಕಡೆಗೆ ಬೆನ್ನು ಹಾಕಿಯೇ ನಿಂತರು.

"ನೀವೂ ಓಡಿಸ್ತೀರಾ ಅಕ್ಕ?" ಎಂದು ಮನೋರಮಾ ಮಾತಿಗೆಳೆದಳು.

"ನಾನು ಅದರಲ್ಲಿ ಕೂತುಕೊಳ್ಳುವುದಿಲ್ಲ," ಎಂದರು ಸುಗಂಧಿ. ಗಂಡ ಕೆಮ್ಮಿದ ಮೇಲೆ "ತಲೆ ತಿರುಗ್ತದೆ, ಹಾಗೆ," ಎಂದು ಸೇರಿಸಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು. ಲೋಟಗಳಲ್ಲಿ ಇನ್ನೂ ನೀರಿತ್ತು.

ಮೆಕ್ಯಾನಿಕ್ ಒಬ್ಬರಿಗೆ ತೋರಿಸಿಯೇ ಕೊಳ್ಳುವುದೆಂದು ಮನೋರಮಾ ಹಟ ಹಿಡಿದಳು. ದೇವದಾಸರು ಅದಕ್ಕೂ ಒಪ್ಪಿದರು. ಉಡುಪಿಯಲ್ಲಿ ಗ್ಯಾರೇಜು ಇಟ್ಟಿರುವ ಆಂಡ್ರ್ಯೂವಿನ ಹೆಸರನ್ನು ಅವರೇ ಹೇಳಿದರು. ಹಾಲಿನ ಕಾವಲಿಗೆ ಬೆಕ್ಕನ್ನೇ ಕೇಳಿ ಕಾವಲುಗಾರನನ್ನು ನೇಮಿಸಿದಂತಾಯಿತು ಎಂದು ಮನೋರಮಾ ಗೊಣಗಿದಳು. ರಾಯರು ಉಡುಪಿಯಲ್ಲಿ ಹತ್ತು ಕಡೆ ವಿಚಾರಿಸಿದರು. ಎಲ್ಲರೂ ಹೇಳಿದ್ದು ಒಂದೇ: ಆಂಡ್ರ್ಯೂ ಕೆಲಸ ನಿಧಾನ, ಆದರೆ ಆಣೆ ಹಾಕಿದರೂ ಸುಳ್ಳು ಹೇಳುವ ಜನ ಅಲ್ಲ. ಆ ಮಾತು ಮುಂದೆ ಅಕ್ಷರಶಃ ನಿಜವಾಯಿತು, ಬೇಡವಾದ ರೀತಿಯಲ್ಲಿ.

ಆಂಡ್ರ್ಯೂ ಕಾಪುವಿಗೆ ಬಂದು ಬಾನೆಟ್ ಎತ್ತಿದ. ಇಂಜಿನ್ ಎಣ್ಣೆ ನೋಡಿದ, ಟೈರು ನೋಡಿದ, ಹೆದ್ದಾರಿಯವರೆಗೆ ಓಡಿಸಿಕೊಂಡು ಬಂದ. ಬಂದವನು ಅಂಗಳದ ನಳ್ಳಿಯಲ್ಲಿ ಕೈ ತೊಳೆಯತೊಡಗಿದ. ತೊಳೆದದ್ದೇ ತೊಳೆದದ್ದು, ಮಸಿ ಹೋದ ಮೇಲೂ ತೊಳೆಯುತ್ತಲೇ ಇದ್ದ.

"ಹೇಗುಂಟು ಆಂಡ್ರ್ಯೂ?" ಎಂದರು ರಾಯರು.

ಅವನು ಒಮ್ಮೆ ದೇವದಾಸರ ಕಡೆ ನೋಡಿದ. ಆಮೇಲೆ ಮನೋರಮಾಳ ಕಡೆ ತಿರುಗಿ, "ಈ ಗಾಡಿ ಬಗ್ಗೆ ಮಾತಾಡ್ಲಿಕ್ಕಿಲ್ಲ ಟೀಚರ್," ಎಂದ.

ರಾಯರ ಮುಖ ಊರಗಲವಾಯಿತು. ನಮ್ಮ ಕಡೆ ಊಟ ಚೆನ್ನಾಗಿದ್ದರೂ ಮಾತಾಡ್ಲಿಕ್ಕಿಲ್ಲ, ಹುಡುಗನ ಗುಣ ಚೆನ್ನಾಗಿದ್ದರೂ ಮಾತಾಡ್ಲಿಕ್ಕಿಲ್ಲ. ಹೇಳುವುದೇ ಬೇಡ, ಅಷ್ಟು ಚೆಂದ ಎಂದು ಅರ್ಥ. ಅದಕ್ಕಿಂತ ಮೇಲಿನ ಸರ್ಟಿಫಿಕೇಟು ಕರಾವಳಿಯಲ್ಲಿ ಇಲ್ಲ. ಮನೋರಮಾಳಿಗೂ ಮೊದಲ ಸಲ ಎದೆ ಹಗುರಾಯಿತು. ಆಂಡ್ರ್ಯೂ ತನ್ನ ಮಜೂರಿಯನ್ನು ಬೇಡವೇ ಬೇಡ ಎಂದು ಹೇಳಿ ಸ್ಕೂಟರ್ ಹತ್ತಿ ಹೋದದ್ದು ಮಾತ್ರ ಅವಳಿಗೆ ವಿಚಿತ್ರವೆನಿಸಿತು. ಒಳ್ಳೆಯ ಮನುಷ್ಯ, ಎಂದರು ರಾಯರು.

ಆ ವಾರವೇ ಕಾರು ಅಲೆವೂರಿಗೆ ಬಂತು. ಕಾರಿನ ಡ್ರಾಯರಿನಲ್ಲಿ ಕಂಪೆನಿಯವರ ಪುಸ್ತಕವೊಂದು ಪ್ಲಾಸ್ಟಿಕ್ ಕೂಡ ಬಿಚ್ಚದೆ ಬಿದ್ದಿತ್ತು. ಲೋಕದಲ್ಲಿ ಯಾರೂ ಓದದ ಪುಸ್ತಕ ಅದು. ಮನೋರಮಾ ಉತ್ತರಪತ್ರಿಕೆ ಓದುವ ಹಾಗೆ ಮೊದಲ ಪುಟದಿಂದ ಓದಿದಳು. ಅನ್ವಿತಾ "ಅಮ್ಮ, ಪರೀಕ್ಷೆ ಯಾವಾಗ?" ಎಂದು ತಮಾಷೆ ಮಾಡಿದಳು. ಢಿಕ್ಕಿಯಾದಾಗ ತಟ್ಟನೆ ಉಬ್ಬಿ ಜೀವ ಕಾಯುವ ಏರ್‌ಬ್ಯಾಗಿನ ಬಗ್ಗೆ ಅದರಲ್ಲಿ ಒಂದು ಮಾತಿತ್ತು. ಕೀ ತಿರುಗಿಸಿದಾಗ ಅದರ ಕೆಂಪು ದೀಪ ಹೊತ್ತಬೇಕು, ಇಂಜಿನ್ ಶುರುವಾಗದಿದ್ದರೂ ಕೆಲವೇ ಕ್ಷಣಗಳಲ್ಲಿ ತಾನಾಗಿ ಆರಬೇಕು. ಆರದಿದ್ದರೆ ಗಾಡಿ ಓಡಿಸಕೂಡದು.

ಶನಿವಾರ ಊರಿನ ಗಣಪತಿ ದೇವಸ್ಥಾನದ ಎದುರು ವಾಹನ ಪೂಜೆ. ಪೂಜೆ ಮಾಡುವವನು ರಾಯರ ತಮ್ಮ ಅನಂತೇಶ. ಕಾರಿಗೆ ಕುಂಕುಮ ಇಟ್ಟಾಯಿತು, ಹಾರ ಹಾಕಿಯಾಯಿತು, ನಾಲ್ಕು ಚಕ್ರಗಳ ಅಡಿಗೆ ಲಿಂಬೆಹಣ್ಣು ಇಟ್ಟಾಯಿತು. ಅನ್ವಿತಾ ಸ್ಟಿಯರಿಂಗ್ ಹಿಡಿದು ಕೂತಳು, ಪಕ್ಕದಲ್ಲಿ ಮನೋರಮಾ.

"ಕೀ ಮಾತ್ರ ತಿರುಗಿಸು ಮಗಾ. ಮಂಗಳಾರತಿ ಆದ ಮೇಲೆ ಸ್ಟಾರ್ಟ್ ಮಾಡಿದರಾಯಿತು," ಎಂದ ಅನಂತೇಶ.

ಅನ್ವಿತಾ ಕೀ ತಿರುಗಿಸಿದಳು. ದೀಪಗಳೆಲ್ಲ ಹೊತ್ತಿಕೊಂಡವು. ಅನಂತೇಶನ ಕೈಗಂಟೆ ಶುರುವಾಯಿತು. ಮನೋರಮಾಳ ಕಣ್ಣು ದೇವರ ಆರತಿಯ ಮೇಲಿರದೆ ಆ ಕೆಂಪು ದೀಪದ ಮೇಲಿತ್ತು. ಆರತಿ ಎತ್ತಿದರು, ಅದು ಉರಿಯುತ್ತಿತ್ತು. ಆರತಿ ಇಳಿಸಿದರು, ಅದು ಉರಿಯುತ್ತಲೇ ಇತ್ತು. ಅನ್ವಿತಾ ಇಂಜಿನ್ ಶುರು ಮಾಡಿದ ಗಳಿಗೆಯಲ್ಲಿ ಅದರ ಪಕ್ಕದ, ಇಂಜಿನ್ ಎಣ್ಣೆಯ ಸೂಚನೆಯ ದೀಪ ಆರಿತು, ಅದರ ಜೊತೆಗೇ ಏರ್‌ಬ್ಯಾಗಿನ ದೀಪವೂ ಆರಿತು. ಒಂದೇ ಉಸಿರಿಗೆ ಎರಡು.

ಮನೋರಮಾ ಬಾಯಿ ತೆರೆದಳು.

"ಎಂತ ಅತ್ತಿಗೆ?" ಎಂದ ಅನಂತೇಶ, ತೀರ್ಥದ ಉದ್ಧರಣೆ ಹಿಡಿದುಕೊಂಡು.

ಎಲ್ಲರೂ ಅವಳನ್ನೇ ನೋಡಿದರು. ಮಗಳ ಮುಖದಲ್ಲಿ ಸಂತೋಷ ಉಕ್ಕುತ್ತಿತ್ತು. ಚಕ್ರದ ಕೆಳಗೆ ಲಿಂಬೆಹಣ್ಣು ಕಾಯುತ್ತಿತ್ತು. ಒಳ್ಳೆಯ ಕೆಲಸದ ಬಾಗಿಲಲ್ಲಿ ನಿಂತು ಕೊಂಕು ನುಡಿಯಬಾರದು, ನುಡಿದದ್ದು ಹತ್ತಿಕೊಳ್ಳುತ್ತದೆ ಎಂದು ಅಜ್ಜಿಯ ಕಾಲದಿಂದ ಕೇಳಿ ಬೆಳೆದವಳು ಅವಳು. ನಂಬಿಕೆ ಎನ್ನಿ, ಹೆದರಿಕೆ ಎನ್ನಿ, ನಾಲ್ಕು ಜನರೆದುರಿನ ನಾಚಿಕೆ ಎನ್ನಿ.

"ಎಂತ ಇಲ್ಲ," ಎಂದಳು ಮನೋರಮಾ.

ಲಿಂಬೆಹಣ್ಣು ಪಚಕ್ಕೆಂದು ಒಡೆಯಿತು. ಎಲ್ಲರೂ ಕೈಮುಗಿದರು.

ಸೋಮವಾರ ಅನ್ವಿತಾ ಕಾರಿನಲ್ಲಿ ಕಾಲೇಜಿಗೆ ಹೋದಳು. ಸಂಜೆ ಶಾಲೆಯಿಂದ ಬಂದ ಮನೋರಮಾ ಗೇಟಿನ ಬಳಿ ಹಾರ್ನ್ ಕೇಳುವವರೆಗೆ ಜಗಲಿ ಬಿಟ್ಟು ಒಳಗೆ ಹೋಗಲಿಲ್ಲ. ಮಂಗಳವಾರ ಬೆಳಿಗ್ಗೆ ಮಗಳು ತಲೆ ಬಾಚುತ್ತಿದ್ದಾಗ ಹೋಗಿ ಕೀ ತಿರುಗಿಸಿ ಕಾದು ಕೂತಳು. ದೀಪ ಆರಲಿಲ್ಲ. ಅನ್ವಿತಾ ಬಂದು, "ಬ್ಯಾಟರಿ ಖಾಲಿ ಮಾಡ್ತೀಯಾ ಅಮ್ಮ?" ಎಂದು ನಗುತ್ತ ಅವಳನ್ನು ಎಬ್ಬಿಸಿದಳು. ರಾಯರಿಗೆ ಹೇಳಿದರೆ, "ಪೂಜೆ ಆದ ಗಾಡಿಗೆ ಇನ್ನೆಂತದು ನಿನ್ನ ಕಿರಿಕಿರಿ? ಬಲ್ಬು ಹೋಗಿರಬಹುದು," ಎಂದರು. ಬಲ್ಬು ಹೋಗಿದ್ದರೆ ದೀಪ ಉರಿಯುವುದು ಹೇಗೆ ಎಂದು ಕೇಳುವ ತಾಳ್ಮೆ ಅವಳಿಗಿರಲಿಲ್ಲ. ಆಂಡ್ರ್ಯೂವಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಎತ್ತಲೇ ಇಲ್ಲ.

ಬುಧವಾರ ಶಾಲೆ ಬಿಟ್ಟವಳು ನೇರ ಉಡುಪಿಯ ಬಸ್ಸು ಹತ್ತಿ ಅವನ ಗ್ಯಾರೇಜಿಗೆ ಹೋದಳು. ಆಂಡ್ರ್ಯೂ ಒಬ್ಬನೇ ಇದ್ದ. ಅವಳನ್ನು ಕಂಡದ್ದೇ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟ.

"ಆ ಕೆಂಪು ದೀಪ ಎಣ್ಣೆ ದೀಪದ ಜೊತೆಗೇ ಯಾಕೆ ಆರ್ತದೆ ಆಂಡ್ರ್ಯೂ?"

ಅವನು ಉತ್ತರ ಹೇಳದೆ ಬೇರೊಂದು ಪ್ರಶ್ನೆ ಕೇಳಿದ. "ಗಾಡಿಗೆ ಪೂಜೆ ಆಯ್ತಾ ಟೀಚರ್?"

ಅವನು ಕ್ರಿಶ್ಚಿಯನ್. ಆದರೆ ಇದೇ ಊರಲ್ಲಿ ಹುಟ್ಟಿ, ಇದೇ ಊರಿನ ಗಾಡಿಗಳನ್ನು ಪೂಜೆಗೆ ತೊಳೆದು ಕೊಟ್ಟು ಬೆಳೆದವನು. ಆಯಿತು ಅಂದರೆ, ಪೂಜೆಯಾದ ಗಾಡಿಗೆ ಕೊಂಕು ನುಡಿಯಬಾರದೆಂದು ಇವನ ಬಾಯಿಗೆ ಬೀಗ ಬೀಳುತ್ತದೆ ಎಂದು ಮನೋರಮಾಳಿಗೆ ಹೊಳೆಯಿತು.

"ಆಗಲಿಲ್ಲ. ಬರುವ ಶನಿವಾರ," ಎಂದಳು. ವಿದ್ಯಾರ್ಥಿಗಳಿಗೆ ಸುಳ್ಳು ಹೇಳಬಾರದೆಂದು ಕಲಿಸುವ ಬಾಯಿ ಒಂದಿಷ್ಟೂ ತೊದಲಲಿಲ್ಲ.

ಆಂಡ್ರ್ಯೂ ದೊಡ್ಡದಾಗಿ ಉಸಿರು ಬಿಟ್ಟು, ಸ್ಟೂಲ್ ಎಳೆದು ಅವಳನ್ನು ಕೂರಿಸಿದ.

"ಹಾಗಾದ್ರೆ ಇನ್ನೂ ಹೊತ್ತು ಮೀರಲಿಲ್ಲ. ದೇವದಾಸಣ್ಣನಿಗೆ ಕೀರ್ತನ್ ಅಂತ ಒಬ್ಬ ಮಗ ಇದ್ದ. ಹೋದ ವರ್ಷ ಆ ಗಾಡಿಯಲ್ಲಿ ಟಿಪ್ಪರಿನ ಅಡಿಗೆ ನುಗ್ಗಿದ. ಬ್ಯಾಗು ಎರಡೂ ಬಿಚ್ಚಿಕೊಂಡಿತ್ತು, ಆದ್ರೂ ಉಳಿಯಲಿಲ್ಲ. ಲೈಸೆನ್ಸ್ ಇರಲಿಲ್ಲ, ಹಾಗಾಗಿ ಅವರು ಇನ್ಶೂರೆನ್ಸಿಗೆ ಹೋಗಲಿಲ್ಲ. ಹೋಗದೆ ಕಾಗದದಲ್ಲಿ ಎಂತ ಬರ್ತದೆ ಟೀಚರ್?"

ಮನೋರಮಾಳ ಕಣ್ಣೆದುರು ಬೆನ್ನು ಹಾಕಿ ನಿಂತ ಸುಗಂಧಿ ಬಂದರು. ತಾಯಿಯ ಹತ್ತಿರ ನೀವೂ ಓಡಿಸ್ತೀರಾ ಎಂದು ಕೇಳಿದ್ದೆನಲ್ಲ ಎಂದು ಅವಳಿಗೆ ಮೈಯೆಲ್ಲ ಕುಗ್ಗಿತು.

"ಗಾಡಿಯನ್ನು ಇಲ್ಲಿಗೆ ತಂದರು. ಮಗನಿದ್ದಾಗ ಹೇಗಿತ್ತೋ ಹಾಗೆ ಮಾಡಿ ಕೊಡು, ಓಡಿಸಲಿಕ್ಕಲ್ಲ, ಅಂಗಳದಲ್ಲಿ ನೋಡಲಿಕ್ಕೆ ಅಂದರು. ನೋಡಲಿಕ್ಕೆ ಅಂತ ನಾನೂ ಮಾಡಿದೆ. ಮುಂದಿನ ಭಾಗ ಬೇರೆ ಗಾಡಿಯದ್ದು ತಂದು ವೆಲ್ಡ್ ಮಾಡಿದ್ದು. ಬ್ಯಾಗು ಇರುವ ಜಾಗದಲ್ಲಿ ಹಳೇ ಬಟ್ಟೆ ತುಂಬಿಸಿ ಮುಚ್ಚಿದ್ದು. ಕೆಂಪು ದೀಪ ಉರಿಯುತ್ತಾ ಇದ್ರೆ ಸಂಕಟ ಆಗ್ತದೆ ಅಂದರು, ಎಣ್ಣೆ ದೀಪದ ವಯರಿಗೆ ಸೇರಿಸಿಬಿಟ್ಟೆ. ಆಮೇಲೆ ನೋಡಲಿಕ್ಕೂ ಆಗಲಿಲ್ಲ ಅವರಿಗೆ. ಮಾರ್ತೇನೆ ಅಂದರು. ಬೇಡ ಅಂದೆ. ಮಗನ ಸಾವಿನ ಸುದ್ದಿ ಎತ್ತಬೇಡ ಅಂತ ಕೈ ಹಿಡಿದು ಅತ್ತರು."

"ಮತ್ತೆ ನಮಗೆ ಗಾಡಿ ಒಳ್ಳೆಯದುಂಟು ಅಂದೆಯಲ್ಲ!"

"ನಾನೆಲ್ಲಿ ಹಾಗೆ ಹೇಳಿದೆ?" ಎಂದ ಆಂಡ್ರ್ಯೂ. "ಮಾತಾಡ್ಲಿಕ್ಕಿಲ್ಲ ಅಂದೆ. ಮಾತಾಡುವ ಹಾಗಿಲ್ಲ ನಾನು, ಅಂತ. ನೀವು ಕನ್ನಡ ಟೀಚರ್, ನಿಮಗೆ ಗೊತ್ತಾಗ್ತದೆ ಅಂತ ನಿಮ್ಮ ಮುಖ ನೋಡಿಯೇ ಹೇಳಿದ್ದು."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಎಷ್ಟು ಜಾಣ ಮಾತು! ಮನೋರಮಾಳಿಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು, ಮರುಕ್ಷಣವೇ ಅವನ ಕಾಲಿಗೆ ಬೀಳಬೇಕೆನಿಸಿತು.

"ಅದು ಓಡಲಿಕ್ಕೆ ಏನೂ ತೊಂದರೆ ಇಲ್ಲ ಟೀಚರ್. ಚೆನ್ನಾಗಿಯೇ ಓಡ್ತದೆ. ಎದುರಿನಿಂದ ಒಂದು ಪೆಟ್ಟು ಬಿದ್ದರೆ ಮಾತ್ರ ಹಪ್ಪಳ. ಪೂಜೆಗೆ ಮುಂಚೆ ವಾಪಸು ಕೊಟ್ಟುಬಿಡಿ."

"ಪೂಜೆ ಶನಿವಾರವೇ ಆಗಿದೆ ಆಂಡ್ರ್ಯೂ. ಮೂರು ದಿನದಿಂದ ನನ್ನ ಮಗಳು ಅದರಲ್ಲಿ ಕಾರ್ಕಳಕ್ಕೆ ಹೋಗ್ತಿದ್ದಾಳೆ."

ಆಂಡ್ರ್ಯೂ ಮಸಿ ಕೈಯಲ್ಲೇ ಶಿಲುಬೆಯ ಗುರುತು ಮಾಡಿಕೊಂಡ.

ಮನೋರಮಾ ಬಸ್‌ಸ್ಟ್ಯಾಂಡಿಗೆ ಓಡಿದಳು. ಓಡುತ್ತಲೇ ಮಗಳಿಗೆ ಫೋನ್ ಮಾಡಿದಳು. ರಿಂಗ್ ಆಗಿ ಆಗಿ ನಿಂತಿತು. ಗಾಡಿ ಬಿಡುವಾಗ ಫೋನ್ ಮುಟ್ಟಬಾರದೆಂದು ಮಗಳಿಗೆ ಆಣೆ ಹಾಕಿಸಿದವಳೇ ಅವಳು. ಬಸ್ಸಿನಲ್ಲಿ ನಿಂತು, ಜೋತಾಡುತ್ತ, ಮತ್ತೆ ಮತ್ತೆ ಒತ್ತಿದಳು. ಪಕ್ಕದಲ್ಲಿದ್ದ ಹೆಂಗಸು "ಎಂತ ಆಯ್ತು ಮಾರಾಯ್ರೆ?" ಎಂದಳು. ಇವಳು ಮಗಳ ನಂಬರನ್ನೇ ಇನ್ನೊಮ್ಮೆ ಒತ್ತಿದಳು. ಈ ಹೊತ್ತಿಗೆ ಅನ್ವಿತಾ ಬೈಲೂರು ದಾಟಿರಬಹುದು, ಹಿರಿಯಡಕಕ್ಕೆ ಮುಟ್ಟಿರಬಹುದು, ತಿರುವಿನಲ್ಲಿರಬಹುದು. ಎದುರಿನಿಂದ ಯಾವ ಟಿಪ್ಪರು ಹೊರಟಿರಬಹುದು. ಶ್ರೀಕೃಷ್ಣ, ಶ್ರೀಕೃಷ್ಣ ಎಂದು ಮನಸ್ಸಿನಲ್ಲೇ ಜಪಿಸುತ್ತಿದ್ದವಳಿಗೆ ಹರಕೆ ಏನು ಹೊರಬೇಕೆಂದೂ ತೋಚಲಿಲ್ಲ.

ಅಲೆವೂರಿನಲ್ಲಿ ಇಳಿದು ಮನೆಯ ದಾರಿ ಹಿಡಿದಳು. ಗೇಟು ತೆರೆದೇ ಇತ್ತು. ಅಂಗಳದಲ್ಲಿ ಕಾರಿರಲಿಲ್ಲ.

"ಎಲ್ಲಿಗೆ ಹೋಗಿದ್ದೆ ಅಮ್ಮ ಇಷ್ಟು ಹೊತ್ತು?" ಅನ್ವಿತಾ ಜಗಲಿಯಲ್ಲಿ ಕಾಲು ಚಾಚಿ ಕೂತು ಚಹಾ ಕುಡಿಯುತ್ತಿದ್ದಳು.

ಮನೋರಮಾ ಹೋಗಿ ಮಗಳನ್ನು ತಬ್ಬಿಕೊಂಡಳು. ಚಹಾ ಇಬ್ಬರ ಮೇಲೂ ಚೆಲ್ಲಿತು. ತಲೆ ಮುಟ್ಟಿದಳು, ಭುಜ ಮುಟ್ಟಿದಳು, ಕೈ ಹಿಡಿದು ನೋಡಿದಳು. ಬದುಕಿನಲ್ಲಿ ಇದಕ್ಕಿಂತ ದೊಡ್ಡ ಸುಖ ಇನ್ನೊಂದಿಲ್ಲ ಎಂದು ಅವಳಿಗೆ ಅನಿಸಿತು, ಬಿಕ್ಕಿ ಬಿಕ್ಕಿ ಅತ್ತಳು.

"ಎಂತ ಅಮ್ಮ, ಎಂತ ಆಯ್ತು? ಬಸ್ಸಿನ ಗಲಾಟೆಯಲ್ಲಿ ನನಗೆ ಫೋನ್ ಕೇಳಲಿಲ್ಲ."

"ಬಸ್ಸಾ? ಕಾರೆಲ್ಲಿ?"

"ಯಶ್ಮಿತಾಗೆ ಕೊಟ್ಟೆ. ನಮ್ಮ ಡಿಪಾರ್ಟ್‌ಮೆಂಟಿನವಳು. ಅವಳ ಮಗಳ ಕೈ ಪ್ಲಾಸ್ಟರ್ ಬಿಚ್ಚಿಸಲಿಕ್ಕೆ ಮಧ್ಯಾಹ್ನವೇ ಮಣಿಪಾಲದ ಆಸ್ಪತ್ರೆಗೆ ಬರಬೇಕಿತ್ತು, ನನಗೆ ಕ್ಲಾಸಿತ್ತು. ಕೈ ಮುರಿದ ಮಗುವನ್ನು ಬಸ್ಸಿನಲ್ಲಿ ನೂಕಿಸಿಕೊಂಡು ಬರುವುದು ಬೇಡ ಅಂದೆ. ಈಗ ವಾಪಸು ಕಾರ್ಕಳಕ್ಕೆ ಹೊರಟಿರಬಹುದು."

ಮನೋರಮಾ ಮಗಳ ಭುಜದಿಂದ ಕೈ ತೆಗೆದಳು. ಈಗಷ್ಟೇ ಅತ್ತು ಸುಖಪಟ್ಟದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಮಗಳ ಫೋನ್ ಕಸಿದುಕೊಂಡು ಯಶ್ಮಿತಾಳ ಹೆಸರು ಒತ್ತಿದಳು.

ಎತ್ತಿದ್ದು ಮಗು. "ಅನ್ವಿತಾ ಆಂಟಿ, ನಾನು ಪ್ರಣೀತಾ. ಅಮ್ಮ ಗಾಡಿ ಬಿಡ್ತಿದ್ದಾರೆ. ನಾನು ಮುಂದೆ ಕೂತಿದ್ದೇನೆ."

ಹಿಂದಿನಿಂದ ಎಕ್ಸ್‌ಪ್ರೆಸ್ ಬಸ್ಸಿನ ಹಾರ್ನ್ ಉದ್ದಕ್ಕೆ ಕೇಳಿಸಿತು. ಕಿರುಚಿದರೆ ಮಗು ಹೆದರುತ್ತದೆ, ತಾಯಿ ಗಕ್ಕನೆ ಬ್ರೇಕ್ ಹಾಕುತ್ತಾಳೆ. ಮನೋರಮಾ ಗೋಡೆಗೆ ಒರಗಿಕೊಂಡು, ಒಂದನೇ ತರಗತಿಯ ಮಗುವಿಗೆ ಅಕ್ಷರ ಹೇಳಿಕೊಡುವ ಧ್ವನಿ ತೆಗೆದಳು.

"ಪುಟ್ಟಾ, ಅಮ್ಮನಿಗೆ ಹೇಳು. ಗಾಡಿಯನ್ನು ಮೆಲ್ಲ ಬದಿಗೆ ತೆಗೆದು ನಿಲ್ಲಿಸಬೇಕಂತೆ. ಅವಸರ ಇಲ್ಲ, ಮೆಲ್ಲ."

ಮಗು ಹೇಳಿದ್ದು ಕೇಳಿಸಿತು. ಬಸ್ಸು ಅಬ್ಬರಿಸಿ ಹಾದುಹೋದದ್ದು ಕೇಳಿಸಿತು. ಅದರ ಹಿಂದೆ ಇನ್ನೇನೋ ಭಾರದ್ದು ಹೋಯಿತು. ಆಮೇಲೆ ಚಕ್ರದಡಿಯ ಜಲ್ಲಿಯ ಸದ್ದು. ಆಮೇಲೆ ಯಶ್ಮಿತಾಳ ಧ್ವನಿ. "ನಿಲ್ಲಿಸಿದೆ. ಎಂತ ಅನ್ವಿತಾ?"

ಮನೋರಮಾ ಎಲ್ಲವನ್ನೂ ಹೇಳಿದಳು. ಟಿಪ್ಪರು, ವೆಲ್ಡಿಂಗು, ಬಟ್ಟೆ, ದೀಪ, ಒಂದನ್ನೂ ಬಿಡಲಿಲ್ಲ. ಮಗುವನ್ನು ಇಳಿಸಿಕೊಂಡು ರಸ್ತೆಯಿಂದ ದೂರ ನಿಲ್ಲು, ನಾವು ರಿಕ್ಷಾ ಮಾಡಿಕೊಂಡು ಬರುತ್ತೇವೆ ಎಂದಳು. ಆ ಕಡೆ ಕಾರಿನ ಬಾಗಿಲು ತೆರೆದು ಮುಚ್ಚಿದ ಸದ್ದಾಯಿತು.

"ಟೀಚರ್," ಎಂದಳು ಯಶ್ಮಿತಾ. "ಇದು ನಿಮಗೆ ಯಾವಾಗ ಗೊತ್ತಾಯ್ತು?"

ಈಗತಾನೇ ಎನ್ನಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಸುಳ್ಳಲ್ಲದ ಮಾತುಗಳಿಂದ ಅವಳಿಗೆ ಅಂದು ಹೊಟ್ಟೆ ತುಂಬಿ ಹೋಗಿತ್ತು.

"ಆಂಡ್ರ್ಯೂ ಹೇಳಿದ್ದು ಇವತ್ತು. ದೀಪ ಸರಿ ಇಲ್ಲ ಅಂತ ನನಗೆ ಶನಿವಾರವೇ ಗೊತ್ತಿತ್ತು," ಎಂದಳು.

ಫೋನ್ ಇಳಿಸಿ ತಿರುಗಿದಾಗ ಅನ್ವಿತಾ ಎದ್ದು ನಿಂತಿದ್ದಳು. ಅವಳ ಚೂಡಿದಾರದ ತುಂಬ ಚಹಾದ ಕಲೆ. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಶನಿವಾರವೇ ಗೊತ್ತಿತ್ತಾ ಅಮ್ಮ?"

ಮನೋರಮಾ ಹೌದೆಂದು ತಲೆಯಾಡಿಸಿದಳು.

"ಹಾಗಾದ್ರೆ ಸೋಮವಾರ ಬೆಳಿಗ್ಗೆ ನನಗೆ ಬುತ್ತಿ ಕಟ್ಟಿ ಕೊಟ್ಟು, ಗೇಟು ತೆರೆದು, ಹುಷಾರು ಮಗಾ ಅಂತ ಕಳಿಸಿದೆಯಲ್ಲ. ಹೇಗೆ ಕಳಿಸಿದೆ?"